ಮೊದಲ ಚಾರಣದ ಬ್ಯಾಗ್: ಕೊಳ್ಳುವುದು ಯಾವುದು, ಮನೆಯಲ್ಲೇ ಬಿಡುವುದು ಯಾವುದು

ದಸರಾ ರಜೆ ಹತ್ತಿರ ಬಂತೆಂದರೆ ಚಿಕ್ಕಮಗಳೂರಿನಲ್ಲಿ ಪರಿಚಯದ ಅಪ್ಪ ಅಮ್ಮಂದಿರು ಕೇಳುವುದು ಒಂದೇ ಪ್ರಶ್ನೆ. “ಮಗಳು ಫ್ರೆಂಡ್ಸ್ ಜೊತೆ ಟ್ರೆಕ್ಕಿಂಗ್ ಹೋಗ್ತಾಳಂತೆ, ಯಾವ ಬ್ಯಾಗ್ ಕೊಡಿಸಲಿ?” ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಬ್ಯಾಗ್ ಕೊನೆಗೆ ಕೊಳ್ಳಿ. ಮೊದಲು ಶೂ, ಆಮೇಲೆ ಮಳೆಗೆ ಏನಾದರೂ. ಉಳಿದದ್ದರಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ ಇರುತ್ತದೆ. ಇಲ್ಲದಿದ್ದರೆ ಯಾರ ಹತ್ತಿರವಾದರೂ ಕೇಳಿ ತರಬಹುದು.

60 ಲೀಟರಿನ ಬ್ಯಾಗ್ ಮೊದಲು ಮನೆಗೆ ಬಂದರೆ ಅದು ತುಂಬುವ ತನಕ ಯಾರಿಗೂ ಸಮಾಧಾನ ಇರುವುದಿಲ್ಲ. ಅಮ್ಮ ಇನ್ನೊಂದು ಸ್ವೆಟರ್ ಇಡುತ್ತಾರೆ. ಅಜ್ಜಿ ಚಕ್ಕುಲಿ ಡಬ್ಬ ತುರುಕುತ್ತಾರೆ. ಅಣ್ಣ ತನ್ನ ಬ್ಲೂಟೂತ್ ಸ್ಪೀಕರ್ ಕೊಡುತ್ತಾನೆ. ಕೊನೆಗೆ ಅದನ್ನೆಲ್ಲ ಹೊತ್ತು ಬೆಟ್ಟ ಹತ್ತುವವಳು ಹದಿನಾರು ವರ್ಷದ ಹುಡುಗಿ. ಮೊದಲ ಸಲವೇ ಭುಜ ಕೆಂಪಾಗಿ ಬಂದರೆ ಎರಡನೇ ಸಲ ಹೋಗುವ ಮನಸ್ಸಾದರೂ ಎಲ್ಲಿಂದ ಬರಬೇಕು?

ಎಷ್ಟು ತೂಕ ಹೊರಬಹುದು

2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯ ಪ್ರಕಾರ ಮಕ್ಕಳ ಪುಸ್ತಕದ ಬ್ಯಾಗ್ ಅವರ ಮೈತೂಕದ ಶೇ. 10ನ್ನು ಮೀರಬಾರದು. ಚಾರಣಕ್ಕೂ ಇದೇ ಒಳ್ಳೆಯ ಲೆಕ್ಕ. 45 ಕೆಜಿ ಇರುವ ಹುಡುಗಿಗೆ ಒಂದು ದಿನದ ನಡಿಗೆಗೆ ನಾಲ್ಕೂವರೆ ಕೆಜಿ. ರಾತ್ರಿ ತಂಗುವುದಿದ್ದರೆ ಶೇ. 15ರ ತನಕ ಹೋಗಬಹುದು, ಅಂದರೆ ಆರೂಮುಕ್ಕಾಲು ಕೆಜಿ. ಶೇ. 20 ದಾಟಲೇಬಾರದು.

ಹಗುರ ಸಾಮಾನಿನ ಹುಚ್ಚಿರುವವರು ಬೇರೆ ಲೆಕ್ಕ ಹೇಳುತ್ತಾರೆ. ನೀರು, ಊಟ, ಇಂಧನ ಬಿಟ್ಟು ಉಳಿದದ್ದು 9 ಕೆಜಿಗಿಂತ ಕಡಿಮೆ ಇದ್ದರೆ ಲೈಟ್‌ವೇಟ್, ನಾಲ್ಕೂವರೆ ಕೆಜಿಗಿಂತ ಕಡಿಮೆ ಇದ್ದರೆ ಅಲ್ಟ್ರಾಲೈಟ್. ಅದು ದೊಡ್ಡವರ ಲೆಕ್ಕ. 45 ಕೆಜಿಯ ಮೈಗೆ 9 ಕೆಜಿ, ಅದರ ಮೇಲೆ ನೀರು ಊಟ ಬೇರೆ ಅಂದರೆ ಅದನ್ನು ಹಗುರ ಅನ್ನಲು ಬಾಯಿ ಬರುವುದಿಲ್ಲ. ಮಕ್ಕಳಿಗೆ ಶೇಕಡಾ ಲೆಕ್ಕವೇ ಸರಿ.

ಒಂದು ರಾತ್ರಿ ಟೆಂಟಿನಲ್ಲಿ ಕಳೆಯುವ ಅಂದಾಜು ನೋಡಿ. ಬ್ಯಾಗ್ 1.2 ಕೆಜಿ, ಮಲಗುವ ಚೀಲ 1 ಕೆಜಿ, ಚಾಪೆ 350 ಗ್ರಾಂ, ಇಬ್ಬರ ಟೆಂಟಿನಲ್ಲಿ ಅರ್ಧ ಪಾಲು 1.2 ಕೆಜಿ, ಬಟ್ಟೆ ಮತ್ತು ಮಳೆ ಜಾಕೆಟ್ 1.2 ಕೆಜಿ, ಊಟ 800 ಗ್ರಾಂ, ಒಂದೂವರೆ ಲೀಟರ್ ನೀರು 1.5 ಕೆಜಿ, ಟಾರ್ಚ್ ಔಷಧಿ ಇತ್ಯಾದಿ 400 ಗ್ರಾಂ. ಕೂಡಿದರೆ 7.65 ಕೆಜಿ. ಆ 45 ಕೆಜಿ ಹುಡುಗಿಗೆ ಇದು ಆಗಲೇ ಶೇ. 17. ಎಲ್ಲವೂ ಹಗುರದ್ದೇ ಆರಿಸಿದರೂ ಇಷ್ಟು! ಅದೇ ರಾತ್ರಿ ಹೋಮ್‌ಸ್ಟೇಯಲ್ಲಿ ಮಲಗಿದರೆ ಚೀಲ, ಚಾಪೆ, ಟೆಂಟ್ ಮೂರೂ ಹೋಗಿ ಎರಡೂವರೆ ಕೆಜಿ ಇಳಿಯುತ್ತದೆ. ಯಾವ ದುಬಾರಿ ಕಂಪನಿಯ ಸಾಮಾನೂ ಇಷ್ಟು ತೂಕ ಇಳಿಸಲಾರದು.

ಹೋಗುವುದು ಎಲ್ಲಿಗೆ, ಅದನ್ನು ಮೊದಲು ಹೇಳಿ

ಅಂಗಡಿಗೆ ಹೋಗುವ ಮೊದಲು ಜಾಗ ಗೊತ್ತಿರಬೇಕು. ನಮ್ಮ ಕಡೆಯ ಹೆಸರಾದ ಚಾರಣಗಳು ಬಹುಪಾಲು ಒಂದೇ ದಿನದವು. ಕುದುರೆಮುಖ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆ, ಆದರೆ ರಾಷ್ಟ್ರೀಯ ಉದ್ಯಾನದ ಒಳಗೆ ರಾತ್ರಿ ಉಳಿಯಲು ಬಿಡುವುದಿಲ್ಲ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟಿನಲ್ಲಿ ಆನ್‌ಲೈನ್ ಬುಕಿಂಗ್ ಮಾಡಿ, ಬೆಳಿಗ್ಗೆ ಹೊರಟು ಸಂಜೆಯೊಳಗೆ ಇಳಿಯಬೇಕು. ಎತ್ತಿನ ಭುಜ, ಬಲ್ಲಾಳರಾಯನ ದುರ್ಗ, ಸರ್ಪದಾರಿಯಿಂದ ಮುಳ್ಳಯ್ಯನಗಿರಿ, ಇವೂ ಒಂದು ದಿನದ್ದೇ. ಇವಕ್ಕೆ ಟೆಂಟ್ ಕೊಳ್ಳುವುದು ಸುಮ್ನೆ ದುಡ್ಡು ದಂಡ.

ಹಾಸನದ ಕಡೆ ಇನ್ನೊಂದು ವಿಷಯ ಇದೆ. ಸಕಲೇಶಪುರ, ಆಲೂರು, ಬೇಲೂರು ಭಾಗದ ತೋಟಗಳಲ್ಲಿ ಆನೆ ಓಡಾಟ ಜಾಸ್ತಿ. ಜೇನುಕಲ್ಲು ಗುಡ್ಡಕ್ಕೋ ಬಿಸಿಲೆ ಕಡೆಗೋ ಹೋಗುವ ಹುಡುಗರು “ತೋಟದಲ್ಲಿ ಟೆಂಟ್ ಹಾಕ್ತೀವಿ” ಅಂದರೆ ಮೊದಲು ಅಲ್ಲಿನ ತೋಟದವರನ್ನು ಕೇಳಿ. ಆನೆ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ. ಆ ಕಡೆ ನನ್ನ ಮಟ್ಟಿಗೆ ರಾತ್ರಿಗೆ ಗೋಡೆ ಬಾಗಿಲು ಇರುವ ಜಾಗವೇ ಸರಿ. ಸಕಲೇಶಪುರ-ಸುಬ್ರಹ್ಮಣ್ಯ ರೈಲು ಹಳಿಯ ಮೇಲೆ ನಡೆಯುವ ಆಸೆಯನ್ನೂ ಬಿಟ್ಟುಬಿಡಿ. ಅದಕ್ಕೆ ಅನುಮತಿ ಇಲ್ಲ, ಸುರಂಗದೊಳಗೆ ರೈಲು ಬಂದರೆ ಪಕ್ಕಕ್ಕೆ ಸರಿಯಲೂ ಜಾಗ ಸಿಗದೇ ಹೋಗಬಹುದು.

ಮುಂದೆ ಹಿಮಾಲಯಕ್ಕೆ ಬೇಕಾಗುತ್ತದೆ ಅಂತ ಈಗಲೇ ದೊಡ್ಡ ಸಾಮಾನು ಕೊಳ್ಳುವವರಿದ್ದಾರೆ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನಂಥವರು ನಡೆಸುವ ಹಿಮಾಲಯದ ಶಿಬಿರಗಳಲ್ಲಿ ಟೆಂಟ್, ಹೊದಿಕೆ ಅವರೇ ಕೊಡುತ್ತಾರೆ. ಅದೂ ಅಲ್ಲದೆ ಹದಿನೈದರಲ್ಲಿ ಕೊಂಡ ಬ್ಯಾಗ್ ಹದಿನೆಂಟರ ಬೆನ್ನಿಗೆ ಸರಿಹೋಗುವುದು ಕಷ್ಟ.

ಶೂ: ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ

ಕಾಲಿನಲ್ಲಿರುವ ತೂಕ ಬೆನ್ನಿನ ಮೇಲಿನ ತೂಕಕ್ಕಿಂತ ಬಹಳ ಬೇಗ ಸುಸ್ತು ಮಾಡುತ್ತದೆ. ಪ್ರತಿ ಹೆಜ್ಜೆಗೂ ಅದನ್ನು ಎತ್ತಬೇಕಲ್ವಾ? ಹಾಗಾಗಿ ಶೂ ಹಗುರ ಇದ್ದಷ್ಟೂ ಒಳ್ಳೆಯದು. ಆದರೆ ಹಗುರ ಅಂತ ಓಡುವ ಶೂ ಹಾಕಿಕೊಂಡು ಹೋದರೆ ಬೋಳುಗುಡ್ಡದ ಒದ್ದೆ ಹುಲ್ಲಿನ ಮೇಲೆ ಜಾರಿ ಕೂರುವುದು ಗ್ಯಾರಂಟಿ. ನೋಡಬೇಕಾದ್ದು ಅಡಿ. ರಬ್ಬರ್ ಮೆತ್ತಗಿರಬೇಕು, ಗಾಡಿಯ ಟೈರಿನಂತೆ ಆಳವಾದ ಗೀರುಗಳಿರಬೇಕು.

ನಮ್ಮ ಮಾರುಕಟ್ಟೆಯಲ್ಲಿ ಸಿಗುವುದು ನಾಲ್ಕು ಬಗೆ.

ಗಂಬೂಟು ತೋಟದ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಇಂಬಳ (ರಕ್ತ ಹೀರುವ ಜಿಗಣೆ) ಹತ್ತುವುದಿಲ್ಲ, ಕೆಸರು ತಾಗುವುದಿಲ್ಲ. ಆದರೆ ಭಾರ, ಹಿಮ್ಮಡಿ ಒಳಗೆ ಆಡುತ್ತದೆ, ಎರಡು ಗಂಟೆ ಹತ್ತಿದರೆ ಗುಳ್ಳೆ ಏಳುತ್ತದೆ. ಚಾರಣಕ್ಕೆ ಬೇಡ.

ಕ್ಯಾನ್ವಾಸಿನ ಹಂಟರ್ ಶೂ ಅಗ್ಗ, ಹಗುರ, ಹಿಡಿತವೂ ಪರವಾಗಿಲ್ಲ. ನೀರು ಹೊಕ್ಕರೆ ಬೇಗ ಹೊರಗೂ ಹೋಗುತ್ತದೆ. ಒಳಗಿನ ಅಟ್ಟೆ ಮಾತ್ರ ತೆಳು. ಬೇರೆ ಇನ್ಸೋಲ್ ಹಾಕಿಸಿಕೊಂಡರೆ ಬೆಳೆಯುವ ಕಾಲಿನ ಹುಡುಗರಿಗೆ ಇದು ನನ್ನ ಇಷ್ಟದ ಆಯ್ಕೆ. ಮುಂದಿನ ವರ್ಷ ಸಣ್ಣದಾದರೂ ಹೊಟ್ಟೆ ಉರಿಯುವುದಿಲ್ಲ.

ಗಿಡ್ಡ ಕತ್ತಿನ ಟ್ರೆಕ್ಕಿಂಗ್ ಶೂ ಇವೆರಡಕ್ಕಿಂತ ಮೇಲು. ಡೆಕಾಥ್ಲಾನ್‌ನಲ್ಲಿ ಕೆಚುವಾ ಹೆಸರಿನಲ್ಲಿ ಸಿಗುವ ಕಡಿಮೆ ಬೆಲೆಯವೇ ಮೊದಲ ಕೆಲವು ಚಾರಣಗಳಿಗೆ ಸಾಕು.

ಕಣಕಾಲು ಮುಚ್ಚುವ ವಾಟರ್‌ಪ್ರೂಫ್ ಬೂಟು ಅಂಗಡಿಯವರು ಮೊದಲು ತೋರಿಸುವುದು. ಒಣ ಚಳಿ ಇರುವ ಕಡೆ ಇದು ಒಳ್ಳೆಯದೇ. ಮಲೆನಾಡಿನ ಮಳೆಯಲ್ಲಿ ನೀರು ಮೇಲಿನಿಂದ, ಪ್ಯಾಂಟ್ ಕಾಲಿನಿಂದ ಇಳಿಯುತ್ತದೆ. ಹೊರಗಿನ ನೀರನ್ನು ತಡೆಯುವ ಪದರವೇ ಒಳಗಿನ ನೀರನ್ನೂ ಹಿಡಿದಿಡುತ್ತದೆ. ಒಂದು ಸಲ ನೆನೆದರೆ ಮಾರನೇ ದಿನಕ್ಕೂ ಒಣಗುವುದಿಲ್ಲ. ಕಣಕಾಲು ಹಿಂದೆ ಉಳುಕಿದ ಮಕ್ಕಳಿಗೆ ಎತ್ತರದ ಶೂ ಬೇಕೆನಿಸಬಹುದು, ಅವರು ವಾಟರ್‌ಪ್ರೂಫ್ ಪದರ ಇಲ್ಲದ್ದನ್ನು ಹುಡುಕಲಿ.

ಶೂ ನೋಡಲು ಸಂಜೆ ಹೋಗಿ, ಅಷ್ಟು ಹೊತ್ತಿಗೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ನಡೆಯುವಾಗ ಹಾಕುವ ಕಾಲುಚೀಲವನ್ನೇ ತೊಟ್ಟು ನೋಡಿ. ಹೆಬ್ಬೆರಳಿನ ಮುಂದೆ ಒಂದು ಬೆರಳಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಇಳಿಯುವಾಗ ಉಗುರು ಶೂಗೆ ಬಡಿದು ಕಪ್ಪಾಗುತ್ತದೆ. ಹತ್ತುವುದಕ್ಕಿಂತ ಇಳಿಯುವಾಗಲೇ ಕಾಲು ಕೆಡುವುದು. ಹೊಸ ಶೂವನ್ನು ನೇರ ಬೆಟ್ಟಕ್ಕೆ ಒಯ್ಯಬಾರದು. ಎರಡು ವಾರ ಶಾಲೆಗೆ, ಕಾಲೇಜಿಗೆ ಹಾಕಿಕೊಂಡು ಹೋಗಲಿ.

ಕಾಲುಚೀಲ ಹತ್ತಿಯದು ಬೇಡ, ಬೆವರು ಕುಡಿದು ಗುಳ್ಳೆ ಎಬ್ಬಿಸುತ್ತದೆ. ಸಿಂಥೆಟಿಕ್ ಅಥವಾ ಉಣ್ಣೆ ಬೆರೆಸಿದ್ದು ಎರಡು ಜೊತೆ ಸಾಕು. ಜೂನ್‌ನಿಂದ ಅಕ್ಟೋಬರ್ ತನಕ ಹೋಗುವವರಿಗೆ ಮೊಣಕಾಲಿನ ತನಕ ಬರುವ ಒತ್ತು ನೇಯ್ಗೆಯ ಲೀಚ್ ಸಾಕ್ಸ್ ಬೇಕು. ತೂಕ ಲೆಕ್ಕಕ್ಕೇ ಇಲ್ಲ. ಉಪ್ಪು, ನಶ್ಯ, ಬೇವಿನೆಣ್ಣೆ ಎಲ್ಲ ಮಳೆಗೆ ತೊಳೆದುಹೋಗುತ್ತವೆ, ಬಟ್ಟೆಯ ಅಡ್ಡಗೋಡೆ ಹೋಗುವುದಿಲ್ಲ.

ಮಳೆಗೆ: ಕೊಡೆ, ಪೊಂಚೊ, ಜಾಕೆಟ್

ನಮ್ಮ ಹಳೆಯವರ ಬಳಿ ಕಂಬಳಿ ಕೊಪ್ಪೆ ಇತ್ತು, ಗದ್ದೆಯಲ್ಲಿ ನಾಟಿ ಮಾಡುವವರಿಗೆ ಗೊರಬು ಇತ್ತು. ಕಂಬಳಿ ನೆನೆದರೂ ಬೆಚ್ಚಗಿಡುತ್ತದೆ ಅನ್ನುವುದು ನಿಜ, ಉಣ್ಣೆಯ ಗುಣವೇ ಅದು. ಆದರೆ ನೆನೆದ ಕಂಬಳಿಯ ಭಾರ ಹೊತ್ತವರಿಗೇ ಗೊತ್ತು. ಹಗುರ ಬ್ಯಾಗಿನ ಮಾತಿನಲ್ಲಿ ಅದಕ್ಕೆ ಜಾಗ ಇಲ್ಲ.

ಕೊಡೆ ತೋಟದ ದಾರಿಯಲ್ಲಿ, ಕಾಡಿನೊಳಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೈ ಬೆವರುವುದಿಲ್ಲ. ಬೆಟ್ಟದ ನೆತ್ತಿಗೆ ಬಂದ ಕೂಡಲೇ ಮಗುಚಿಕೊಳ್ಳುತ್ತದೆ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಅಲ್ಲಿನ ಗಾಳಿಗೆ ಯಾವ ಕೊಡೆಯೂ ನಿಲ್ಲುವುದಿಲ್ಲ.

ಪೊಂಚೊ ಅಂದರೆ ತಲೆಯ ಮೇಲಿನಿಂದ ಹಾಕಿಕೊಳ್ಳುವ ಅಗಲವಾದ ಮಳೆಹೊದಿಕೆ. ಅಗ್ಗ, 300 ಗ್ರಾಂ ಹತ್ತಿರ ತೂಗುತ್ತದೆ, ಮೈ ಮತ್ತು ಬ್ಯಾಗ್ ಎರಡನ್ನೂ ಮುಚ್ಚುತ್ತದೆ, ಕೆಳಗಿನಿಂದ ಗಾಳಿ ಆಡುತ್ತದೆ. ಕಷ್ಟ ಮೂರು. ಗಾಳಿ ಬಂದರೆ ಮುಖಕ್ಕೆ ಹಾರುತ್ತದೆ, ಲಂಟಾನದ ಪೊದೆಗೆ ಸಿಕ್ಕಿ ಹರಿಯುತ್ತದೆ. ಕಲ್ಲು ಹತ್ತುವಾಗ ಕಾಲು ಎಲ್ಲಿಡುತ್ತಿದ್ದೇವೆ ಅಂತಲೂ ಕಾಣುವುದಿಲ್ಲ. ಸೊಂಟಕ್ಕೆ ಒಂದು ದಾರ ಕಟ್ಟಿಕೊಂಡರೆ ಅರ್ಧ ಸಮಸ್ಯೆ ತೀರುತ್ತದೆ.

ಜಾಕೆಟ್ ಗಾಳಿಗೆ ಒಳ್ಳೆಯದು, ಚಳಿಗೂ ಆಗುತ್ತದೆ. ಇಲ್ಲಿ ಮೋಸ ಹೋಗುವುದು ಸುಲಭ. ‘ವಾಟರ್ ರೆಸಿಸ್ಟೆಂಟ್’ ಅಂತ ಬರೆದ ತೆಳು ವಿಂಡ್‌ಚೀಟರ್ ಹದಿನೈದು ನಿಮಿಷದ ಮಲೆನಾಡು ಮಳೆಗೆ ಸೋರುತ್ತದೆ. ಅಂಗಡಿಯಲ್ಲೇ ಜಾಕೆಟನ್ನು ಒಳಮಗ್ಗುಲು ತಿರುಗಿಸಿ ನೋಡಿ. ಹೊಲಿಗೆಗಳ ಮೇಲೆ ಪಟ್ಟಿ ಅಂಟಿಸಿದ್ದರೆ ಅದು ಮಳೆ ಜಾಕೆಟ್. ಪಟ್ಟಿ ಇಲ್ಲದಿದ್ದರೆ ಸೂಜಿ ತೂತುಗಳಿಂದ ನೀರು ಬರುತ್ತದೆ, ಬೆಲೆ ಎಷ್ಟೇ ಇರಲಿ.

ನನ್ನ ತೀರ್ಪು ಹೀಗೆ: ನವೆಂಬರ್‌ನಿಂದ ಫೆಬ್ರವರಿಯೊಳಗೆ ಮಾತ್ರ ಹೋಗುವವರಿಗೆ ಪೊಂಚೊ ಸಾಕು. ಸೆಪ್ಟೆಂಬರ್-ಅಕ್ಟೋಬರ್‌ಗೆ ಹೊಲಿಗೆ ಪಟ್ಟಿ ಇರುವ ಜಾಕೆಟ್. ಜೂನ್-ಜುಲೈ-ಆಗಸ್ಟ್‌ನಲ್ಲಿ ಮೊದಲ ಚಾರಣ ಮಾಡಿಸಲೇಬೇಡಿ. ಏಪ್ರಿಲ್-ಮೇ ಮಧ್ಯಾಹ್ನ ಗುಡುಗು ಸಿಡಿಲು ಇರುತ್ತದೆ. ಆಗ ಬೋಳು ನೆತ್ತಿಯ ಮೇಲೆ ಯಾವ ಜಾಕೆಟ್ಟೂ ಕಾಯುವುದಿಲ್ಲ, ಬೆಳಿಗ್ಗೆಯೇ ಹತ್ತಿ ಇಳಿದುಬಿಡಬೇಕು.

ಬಟ್ಟೆ

ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಜೀನ್ಸ್ ಮನೆಯಲ್ಲಿ ಬಿಡಿ, ಒಣಗಿದ್ದಾಗಲೇ ಅರ್ಧ ಕೆಜಿ ದಾಟುತ್ತದೆ, ನೆನೆದರೆ ಕೇಳಲೇಬೇಡಿ. ಶಾಲೆಯ ಸ್ಪೋರ್ಟ್ಸ್ ಟ್ರ್ಯಾಕ್ ಪ್ಯಾಂಟ್, ಕಬಡ್ಡಿಗೋ ಫುಟ್‌ಬಾಲಿಗೋ ಹಾಕುವ ಜರ್ಸಿ ಇವೆಯಲ್ಲ, ಅವೇ ಬೇಗ ಒಣಗುವ ಬಟ್ಟೆ. ನಡೆಯಲು ಒಂದು ಜೊತೆ, ಮಲಗಲು ಒಣಗಿದ್ದು ಒಂದು ಜೊತೆ, ಒಂದು ಫ್ಲೀಸ್ (ಉಣ್ಣೆಯಂತೆ ಮೆತ್ತನೆಯ ಸಿಂಥೆಟಿಕ್ ಬಟ್ಟೆಯ) ಜಾಕೆಟ್, ಒಂದು ಮಂಕಿ ಕ್ಯಾಪ್. ಮಲಗುವ ಜೊತೆಯನ್ನು ನಡೆಯುವಾಗ ಏನೇ ಆದರೂ ಮುಟ್ಟಬಾರದು.

ತುಂಬು ಪ್ಯಾಂಟ್ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಾದ ಈ ಜ್ವರ ಕಾಡಿನ ಉಣುಗುಗಳಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳುಗಳಿಂದ ಹರಡುತ್ತದೆ. ನಮ್ಮ ಜಿಲ್ಲೆಯ ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆ ಪ್ರಕರಣಗಳು ಕಂಡಿವೆ. ಚಾರಣದ ಹಿತವಾದ ತಿಂಗಳುಗಳೂ ಉಣುಗಿನ ತಿಂಗಳುಗಳೂ ಒಂದೇ, ನವೆಂಬರ್‌ನಿಂದ ಮೇ ತನಕ. ಹೋಗುವ ಮೊದಲು ಆ ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ. ಮಂಗ ಸತ್ತ ಸುದ್ದಿ ಇದ್ದರೆ ಬೇರೆ ಜಾಗ ನೋಡಿ. ತಿಳಿ ಬಣ್ಣದ ಪ್ಯಾಂಟ್ ಆದರೆ ಉಣುಗು ಕಾಣುತ್ತದೆ. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಇರಲಿ, ತರಗೆಲೆಯ ಮೇಲೆ ಕೂರುವುದು ಬೇಡ. ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಮೈ ಪೂರ್ತಿ ನೋಡಿಕೊಳ್ಳಬೇಕು. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಲು ಮರೆಯಬಾರದು.

ಮಲಗಲು

ಹಕ್ಕಿ ತುಪ್ಪಳದ ಡೌನ್ ಚೀಲವೋ, ಸಿಂಥೆಟಿಕ್ ಚೀಲವೋ ಅನ್ನುವ ಚರ್ಚೆ ಚಳಿಯ ದೇಶಗಳಲ್ಲಿ ಮುಗಿಯುವುದೇ ಇಲ್ಲ. ಅಷ್ಟೇ ಬೆಚ್ಚಗಿರುವ ಸಿಂಥೆಟಿಕ್‌ಗಿಂತ ಡೌನ್ ಹಗುರ, ಚಿಕ್ಕದಾಗಿ ಮಡಚುತ್ತದೆ. ಆದರೆ ಒದ್ದೆಯಾದರೆ ಮುದ್ದೆಯಾಗಿ ಬೆಚ್ಚಗಿನ ಗುಣವನ್ನೇ ಕಳೆದುಕೊಳ್ಳುತ್ತದೆ. ಮಂಜು, ಇಬ್ಬನಿ, ಟೆಂಟಿನೊಳಗಿನ ಬೆವರು ಎಲ್ಲ ಸೇರಿ ನಮ್ಮಲ್ಲಿ ಅದು ಒದ್ದೆಯಾಗದೇ ಇರುವುದು ಕಷ್ಟ. ಬೆಲೆಯೂ ಹಲವು ಪಟ್ಟು. ಇಲ್ಲಿ ಸಿಂಥೆಟಿಕ್ ಗೆಲ್ಲುತ್ತದೆ.

ನಿಜ ಹೇಳಬೇಕೆಂದರೆ ಅದೂ ಎಲ್ಲರಿಗೂ ಬೇಡ. ಡಿಸೆಂಬರ್-ಜನವರಿಯ ರಾತ್ರಿ ನಮ್ಮ ಗಿರಿಗಳಲ್ಲಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಉಳಿದ ತಿಂಗಳಲ್ಲಿ ಅಷ್ಟಿಲ್ಲ. ಒಂದು ಫ್ಲೀಸ್ ಹೊದಿಕೆ, ಜೊತೆಗೆ ಪಂಚೆಯನ್ನು ಚೀಲದಂತೆ ಹೊಲಿದ ಲೈನರ್ ಇದ್ದರೆ ಅಕ್ಟೋಬರ್‌ಗೂ ಫೆಬ್ರವರಿ ಕೊನೆಗೂ ನಡೆಯುತ್ತದೆ. ಚೀಲ ಕೊಳ್ಳುವುದೇ ಆದರೆ ಮೇಲಿನ ದೊಡ್ಡ ಅಂಕಿ ನಂಬಬೇಡಿ. ಲೇಬಲ್‌ನಲ್ಲಿ ‘ಕಂಫರ್ಟ್’, ‘ಲಿಮಿಟ್’, ‘ಎಕ್ಸ್‌ಟ್ರೀಮ್’ ಅಂತ ಮೂರು ಅಂಕಿ ಇರುತ್ತವೆ. ನೋಡಬೇಕಾದ್ದು ಕಂಫರ್ಟ್. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿಯುವ ಲೆಕ್ಕ, ನಿದ್ದೆ ಬರುವ ಲೆಕ್ಕ ಅಲ್ಲ. ನಮಗೆ ಕಂಫರ್ಟ್ 10 ಡಿಗ್ರಿಯದು ಸಾಕು.

ಚಾಪೆಯನ್ನು ಮಾತ್ರ ಬಿಡಬೇಡಿ. ಮೇಲಿನ ಗಾಳಿಗಿಂತ ಕೆಳಗಿನ ನೆಲವೇ ಜಾಸ್ತಿ ಚಳಿ ಹಿಡಿಸುವುದು. ಗಾಳಿ ತುಂಬುವ ಚಾಪೆ ಮೆತ್ತಗೆ, ಚಿಕ್ಕದು. ತೋಟದ ಮುಳ್ಳೊಂದು ತಾಗಿದರೆ ಮುಗಿಯಿತು. ಮಡಚುವ ಫೋಮ್ ಚಾಪೆ ಬ್ಯಾಗಿನ ಹೊರಗೆ ಕಟ್ಟಿದರೂ ಏನೂ ಆಗುವುದಿಲ್ಲ, ಕೂರಲೂ ಆಗುತ್ತದೆ. ಹುಡುಗರ ಕೈಗೆ ಕೊಡುವುದು ಇದನ್ನೇ.

ಟೆಂಟ್: ಬೇಕೇ ಬೇಕಾದರೆ

ತಾಳಿಕೊಳ್ಳಲು ಆಗದಷ್ಟು ಆಸೆ ಇರುವುದು ಇದಕ್ಕೇ. ಸ್ವಂತ ತೋಟವೋ, ಪರಿಚಯದವರ ತೋಟವೋ ಇದ್ದು ಅವರು ಒಪ್ಪಿದರೆ ಖಂಡಿತ ಹಾಕಲಿ.

ಎಸೆದರೆ ತಾನೇ ಬಿಚ್ಚಿಕೊಳ್ಳುವ ಪಾಪ್-ಅಪ್ ಟೆಂಟನ್ನು ಮಡಚಿದರೆ ದೊಡ್ಡ ಮೊರದ ಅಗಲ ಆಗುತ್ತದೆ. ಕಾರಿನ ಡಿಕ್ಕಿಗೆ ಸರಿ, ಬೆನ್ನಿಗಲ್ಲ. ಎರಡು ಕಡ್ಡಿಯ ಗುಮ್ಮಟದ ಟೆಂಟ್ ಇಬ್ಬರದು ಎರಡೂವರೆ ಕೆಜಿ ಹತ್ತಿರ. ಒಬ್ಬರು ಬಟ್ಟೆ, ಇನ್ನೊಬ್ಬರು ಕಡ್ಡಿ ಮತ್ತು ಗೂಟ ಹೊತ್ತರೆ ಭಾರ ಅನಿಸುವುದಿಲ್ಲ. ಗೂಟ ಇಳಿಯದ ಕಲ್ಲು ನೆಲದಲ್ಲೂ ನಿಲ್ಲುತ್ತದೆ. ಒಳಗೊಂದು ಹೊರಗೊಂದು ಹೀಗೆ ಎರಡು ಪದರ ಇರುವುದನ್ನೇ ಆರಿಸಿ. ಒಂದೇ ಪದರದ್ದರಲ್ಲಿ ಉಸಿರಿನ ಹಬೆ ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ. ವಾಕಿಂಗ್ ಸ್ಟಿಕ್ ಮೇಲೆ ನಿಲ್ಲಿಸುವ ಅಲ್ಟ್ರಾಲೈಟ್ ಟೆಂಟ್ ಒಂದು ಕೆಜಿಯೊಳಗೂ ಸಿಗುತ್ತದೆ, ಆದರೆ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಹಗ್ಗವನ್ನು ಸರಿಯಾಗಿ ಬಿಗಿಯಲು ಬರದಿದ್ದರೆ ಮಧ್ಯರಾತ್ರಿ ಮೈಮೇಲೆ ಬೀಳುತ್ತದೆ. ಮೊದಲ ಸಲದವರಿಗೆ ಬೇಡ.

ಬರೀ ಟಾರ್ಪಾಲ್ ಕಟ್ಟಿ ಮಲಗುವುದು ಎಲ್ಲಕ್ಕಿಂತ ಹಗುರ, ನಿಜ. ಇಂಬಳ, ಉಣುಗು ಇರುವ ಮಣ್ಣಿನಲ್ಲಿ ನೆಲಕ್ಕೆ ಮುಚ್ಚಿದ ಬಲೆ ಇಲ್ಲದೆ ಮಕ್ಕಳನ್ನು ಮಲಗಿಸಲು ನನಗೆ ಧೈರ್ಯ ಇಲ್ಲ. ಜೋಲಿ ಹಾಕುತ್ತೇವೆ ಅನ್ನುವವರು ಒಂದು ನೆನಪಿಡಬೇಕು: ತೋಟದ ಸಿಲ್ವರ್ ಓಕ್ ಮರಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಅದಕ್ಕೆ ಹಗ್ಗ ಬಿಗಿದು ಬಳ್ಳಿ ಜಜ್ಜಿದರೆ ತೋಟದವರು ಮುಂದಿನ ಸಲ ಗೇಟೇ ತೆಗೆಯುವುದಿಲ್ಲ. ಬೋಳುಗುಡ್ಡದಲ್ಲಿ ಕಟ್ಟಲು ಮರವೇ ಇಲ್ಲ.

ಒಲೆ ಮತ್ತು ಊಟ

ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧ. ಫೆಬ್ರವರಿ ದಾಟಿದರೆ ಬೆಟ್ಟದ ಹುಲ್ಲು ಒಂದು ಕಿಡಿಗೆ ಕಾದಿರುತ್ತದೆ. ಗ್ಯಾಸ್ ಡಬ್ಬಿ, ಬರ್ನರ್, ಪಾತ್ರೆ ಸೇರಿದರೆ ಮುಕ್ಕಾಲು ಕೆಜಿ ಸುಲಭವಾಗಿ ಆಗುತ್ತದೆ. ಒಂದು ರಾತ್ರಿಯ ಮ್ಯಾಗಿಗೆ ಇಷ್ಟು ಬೇಕೇ? ಒಲೆ ಬಿಡಿ. ಅಕ್ಕಿರೊಟ್ಟಿ, ಚಪಾತಿ, ಚಟ್ನಿಪುಡಿ, ಒಗ್ಗರಣೆ ಹಾಕಿದ ಅವಲಕ್ಕಿ, ಹುರಿಹಿಟ್ಟು, ಕಡಲೆ ಮಿಠಾಯಿ, ಬಾಳೆಹಣ್ಣು, ಇವಕ್ಕೆ ಬೆಂಕಿ ಬೇಡ. ಕಡುಬು ಬೇಡ, ನೀರಿನಂಶ ಜಾಸ್ತಿ, ಭಾರ. ಡಬ್ಬದ ಬದಲು ತೆಳು ಬಟ್ಟೆಯಲ್ಲೋ ಬಾಳೆಲೆಯಲ್ಲೋ ಕಟ್ಟಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಇದ್ದರೆ ಅರಣ್ಯ ಚೆಕ್‌ಪೋಸ್ಟಿನಲ್ಲಿ ತೆಗೆದಿಡಬೇಕಾಗುತ್ತದೆ.

ನೀರು

ಒಂದು ಲೀಟರಿನ ಸ್ಟೀಲ್ ಬಾಟಲಿ ಖಾಲಿಯೇ ಕಾಲು ಕೆಜಿ ಮೇಲೆ. ಮತ್ತೆ ಮತ್ತೆ ತುಂಬಿಸುವ ಗಟ್ಟಿ ಪ್ಲಾಸ್ಟಿಕ್ ಬಾಟಲಿ ಅದರ ಅರ್ಧವೂ ಇಲ್ಲ. ನಳಿಗೆ ಇರುವ ನೀರಿನ ಚೀಲ ಬೆನ್ನಿಗೆ ಅನುಕೂಲ, ಆದರೆ ಎಷ್ಟು ಕುಡಿದೆ ಎಷ್ಟು ಉಳಿದಿದೆ ಅಂತ ಕಾಣುವುದಿಲ್ಲ. ಮಕ್ಕಳು ಅರ್ಧ ದಾರಿಗೇ ಖಾಲಿ ಮಾಡುತ್ತಾರೆ. ಒಂದೊಂದು ಲೀಟರಿನ ಎರಡು ಬಾಟಲಿಯೇ ಸರಿ.

ಹೊಳೆ ನೀರು ಕುಡಿಯುವುದಾದರೆ ಅದು ಎಲ್ಲಿಂದ ಹರಿದು ಬರುತ್ತದೆ ನೋಡಿ. ಮೇಲೆ ಬರೀ ಶೋಲಾ ಕಾಡಿದ್ದರೆ (ಬೆಟ್ಟದ ಕಣಿವೆಗಳ ದಟ್ಟ ಕಾಡು) ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಬಹುದು. ಹಿಂಡುವ ಫಿಲ್ಟರ್ ಇದ್ದರೆ ಕಾಯುವುದೂ ಬೇಡ, ತೂಕ ನೂರು ಗ್ರಾಂ ಆಸುಪಾಸು. ಮೇಲೆ ಕಾಫಿ ತೋಟ ಇದ್ದರೆ ಮಾತ್ರೆಯೂ ಫಿಲ್ಟರೂ ಸಾಲದು. ಇವು ಕ್ರಿಮಿಗಳಿಗೆ ಇರುವಂಥವು. ತೋಟಕ್ಕೆ ಹೊಡೆದ ಔಷಧಿ, ಪಲ್ಪಿಂಗ್ ಮಾಡಿದ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ನೀರು ಇವುಗಳಿಂದ ಹೋಗುವುದಿಲ್ಲ. ಕುದಿಸಿದರೂ ಅಷ್ಟೇ. ಅಂಥ ಕಡೆ ಮನೆಯ ನೀರನ್ನೇ ಹೊರಬೇಕು, ಬೇರೆ ದಾರಿ ಇಲ್ಲ.

ಕೊನೆಗೆ ಬ್ಯಾಗ್

ಈಗ ಆರಿಸಿದ್ದನ್ನೆಲ್ಲ ಒಂದು ರಟ್ಟಿನ ಡಬ್ಬಿಗೆ ತುಂಬಿ. ಎಷ್ಟು ದೊಡ್ಡ ಬ್ಯಾಗ್ ಬೇಕು ಅಂತ ಆ ಡಬ್ಬಿಯೇ ಹೇಳುತ್ತದೆ. ಒಂದು ದಿನಕ್ಕೆ 20-25 ಲೀಟರ್, ಅಂದರೆ ಶಾಲೆಯ ಬ್ಯಾಗೇ ಸಾಕು. ಎದೆಪಟ್ಟಿ ಇಲ್ಲದಿದ್ದರೆ ಎರಡು ಭುಜಪಟ್ಟಿಗಳನ್ನು ಮುಂದೆ ಒಂದು ದಾರದಿಂದ ಸೇರಿಸಿ ಕಟ್ಟಿದರೆ ಆಯಿತು. ಟೆಂಟ್ ಸಮೇತ ಒಂದು ರಾತ್ರಿಗೆ 35ರಿಂದ 45 ಲೀಟರ್. 60ರ ಮೇಲಿನದು ಖಾಲಿಯೇ ಎರಡು ಕೆಜಿ ಹತ್ತಿರ ಇರುತ್ತದೆ.

ಐದು ಕೆಜಿ ದಾಟಿದರೆ ಸೊಂಟಪಟ್ಟಿ ಇರಲೇಬೇಕು. ಭಾರ ಕೂರಬೇಕಾದ್ದು ಸೊಂಟದ ಮೂಳೆಯ ಮೇಲೆ, ಭುಜದ ಮೇಲಲ್ಲ. ಅದಕ್ಕೆ ಬೆನ್ನಿನ ಉದ್ದ ಅಳೆಯಬೇಕು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದ ತನಕ ಟೇಪು ಹಿಡಿಯಿರಿ. ಬ್ಯಾಗಿನ ಬೆನ್ನಳತೆ ಅದಕ್ಕೆ ಹೊಂದಬೇಕು. ಬೆನ್ನಳತೆ ಮೇಲೆ ಕೆಳಗೆ ಮಾಡಲು ಬರುವಂಥದ್ದಾದರೆ ಬೆಳೆಯುವ ಮಕ್ಕಳಿಗೆ ಇನ್ನೂ ಒಳ್ಳೆಯದು, ನೂರಿನ್ನೂರು ಗ್ರಾಂ ಜಾಸ್ತಿಯಾದರೂ ಪರವಾಗಿಲ್ಲ. ಸಣ್ಣ ಸೊಂಟದ ಮಕ್ಕಳಿಗೆ ದೊಡ್ಡವರ ಪಟ್ಟಿ ಪೂರ್ತಿ ಎಳೆದರೂ ಬಿಗಿಯುವುದಿಲ್ಲ. ಅದನ್ನು ಅಂಗಡಿಯಲ್ಲೇ ಹಾಕಿಸಿ ನೋಡಿ. ಖಾಲಿ ಬ್ಯಾಗ್ ಎಲ್ಲರಿಗೂ ಚೆನ್ನಾಗಿಯೇ ಕೂರುತ್ತದೆ. ಐದು ಕೆಜಿ ತುಂಬಿಸಿ ಹತ್ತು ನಿಮಿಷ ಅಂಗಡಿಯೊಳಗೇ ನಡೆಸಿ, ಮೆಟ್ಟಿಲಿದ್ದರೆ ಹತ್ತಿಳಿಸಿ. ಸೇಲ್ಸ್‌ನವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಹೊರಗಿನ ರೇನ್ ಕವರ್ ಮೇಲೆ ನನಗೆ ನಂಬಿಕೆ ಕಡಿಮೆ. ಗಾಳಿಗೆ ಹಾರಿಹೋಗುತ್ತದೆ, ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ತಡೆಯುವುದೂ ಇಲ್ಲ. ಬ್ಯಾಗಿನ ಒಳಗೆ ದಪ್ಪ ಪಾಲಿಥಿನ್ ಚೀಲ ಇಟ್ಟು ಅದರೊಳಗೆ ಬಟ್ಟೆ, ಹೊದಿಕೆ ಹಾಕಿ ಬಾಯಿ ತಿರುಚಿ ಮಡಚಿ. ಗೊಬ್ಬರದ ಅಂಗಡಿಯಲ್ಲಿ ಒಳಚೀಲ ಅಂತ ಹೊಸದೇ ಸಿಕ್ಕರೆ ವರ್ಷಗಟ್ಟಲೆ ಬರುತ್ತದೆ. ಗೊಬ್ಬರ ತುಂಬಿದ್ದ ಹಳೆಯದನ್ನು ಮಾತ್ರ ತೊಳೆದೂ ಬಳಸಬೇಡಿ.

ಟಾರ್ಚು ತಲೆಗೆ ಕಟ್ಟುವಂಥದ್ದಾಗಿರಲಿ, ಕೈ ಎರಡೂ ಖಾಲಿ ಇರುತ್ತವೆ. ಮೊಬೈಲ್ ಟಾರ್ಚ್ ನಂಬಿದರೆ ಫೋನ್ ಮಾಡಲು ಬ್ಯಾಟರಿ ಉಳಿಯುವುದಿಲ್ಲ. ಕುದುರೆಮುಖದ ಕಡೆ ನೆಟ್‌ವರ್ಕ್ ನಂಬುವಂತಿಲ್ಲ, ಆದ್ದರಿಂದ ಒಂದು ವಿಷಲ್ ಭುಜಪಟ್ಟಿಗೆ ಕಟ್ಟಿರಲಿ.

ದುಡ್ಡು ಸ್ವಲ್ಪವೇ ಇದ್ದರೆ ಶೂ ಮತ್ತು ಜಾಕೆಟ್ ಮಾತ್ರ ಹೊಸದು ಕೊಳ್ಳಿ, ಉಳಿದದ್ದು ಕಡ. ಇನ್ನೂ ಸ್ವಲ್ಪ ಇದ್ದರೆ ಫೋಮ್ ಚಾಪೆ, ತಲೆ ಟಾರ್ಚ್. ಎರಡು ಮೂರು ಸಲ ಹೋಗಿ ಬಂದು, ಮತ್ತೆ ಹೋಗುತ್ತೇನೆ ಅಂತ ಅವರೇ ಕೇಳಿದರೆ ಆಗ ಬ್ಯಾಗ್. ಟೆಂಟ್, ಮಲಗುವ ಚೀಲ ಬೆಂಗಳೂರಿನಲ್ಲಿ ದಿನಬಾಡಿಗೆಗೆ ಸಿಗುತ್ತವೆ. ಬಾಡಿಗೆಯದೋ ಕಡದ್ದೋ, ತಂದ ದಿನವೇ ಮನೆಯಂಗಳದಲ್ಲಿ ಒಮ್ಮೆ ಹಾಕಿ ನೋಡಿ. ಜಿಪ್ ಪೂರ್ತಿ ಎಳೆಯಿರಿ, ಗೂಟ ಎಣಿಸಿ, ಕಡ್ಡಿ ಸೀಳಿದೆಯಾ ನೋಡಿ, ಮೇಲಿನಿಂದ ಒಂದು ಬಕೆಟ್ ನೀರು ಸುರಿಯಿರಿ. ಡೆಪಾಸಿಟ್ ಕೊಡುವ ಮೊದಲೇ ಹರಿದ ಜಾಗಗಳ ಫೋಟೊ ತೆಗೆದಿಟ್ಟುಕೊಂಡರೆ ವಾಪಸ್ ಕೊಡುವಾಗ ಜಗಳ ಇರುವುದಿಲ್ಲ.